ಒಂಟಾರಿಯೊದಿಂದ ಆಲ್ಬರ್ಟಾಗೆ ಬಂದ ಮೇಲೆ ಡ್ರೈವಿಂಗ್ ಲೈಸೆನ್ಸ್ ಬದಲಾಯಿಸುವುದು: ಮೊದಲಿಂದ ಕೊನೆಯವರೆಗೆ

ಬ್ರಾಂಪ್ಟನ್‌ನಿಂದ ಕ್ಯಾಲ್ಗರಿಗೆ ಬಂದ ಹೊಸದರಲ್ಲಿ ಲೈಸೆನ್ಸ್ ಬದಲಾಯಿಸಲು ನಾನು ಎರಡು ಸಲ ಹೋಗಬೇಕಾಯಿತು. ಮೊದಲ ಸಲ ಬರಿಗೈಯಲ್ಲಿ ವಾಪಸ್ ಬಂದೆ. ಪಾಸ್‌ಪೋರ್ಟ್ ಇತ್ತು, ಪಿಆರ್ ಕಾರ್ಡ್ (ಕಾಯಂ ನಿವಾಸಿಯ ಕಾರ್ಡ್) ಇತ್ತು, ಒಂಟಾರಿಯೊದ ಜಿ ಲೈಸೆನ್ಸ್, ಅಂದರೆ ಕಾರಿನ ಪೂರ್ತಿ ಲೈಸೆನ್ಸ್ ಇತ್ತು. ಇಲ್ಲದ್ದು ಒಂದೇ: ಹೊಸ ವಿಳಾಸ ಇರುವ, ನನ್ನ ಹೆಸರಿನ ಒಂದು ಕಾಗದ. ಬಾಡಿಗೆ ಕರಾರು ನನ್ನ ಗಂಡನ ಹೆಸರಲ್ಲಿತ್ತು. ಕರೆಂಟ್ ಬಿಲ್ಲೂ ಅವರದೇ.

ಆಮೇಲೆ ಈ ಕಡೆ ಬಂದ ಎಷ್ಟೋ ಕನ್ನಡದ ಮನೆಯವರಿಗೆ ಇದನ್ನೇ ಕೂತು ಹೇಳಿಕೊಟ್ಟಿದ್ದೇನೆ. ಕೌಂಟರಿನ ಕೆಲಸ ನಿಜವಾಗಿ ಚಿಕ್ಕದು. ಜಿ ಲೈಸೆನ್ಸ್ ಇದ್ದವರಿಗೆ ಲಿಖಿತ ಪರೀಕ್ಷೆ ಇಲ್ಲ, ರೋಡ್ ಟೆಸ್ಟ್ ಇಲ್ಲ. ಜನ ಸಿಕ್ಕಿಕೊಳ್ಳುವುದು ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರಲ್ಲಿ. ಲೈಸೆನ್ಸ್ ಆಗದೆ ಇನ್ಶೂರೆನ್ಸ್ ಸಲೀಸಾಗಿ ಆಗುವುದಿಲ್ಲ. ಇನ್ಶೂರೆನ್ಸ್ ಇಲ್ಲದೆ ನಂಬರ್ ಪ್ಲೇಟ್ ಸಿಗುವುದಿಲ್ಲ. ವಿಳಾಸದ ಕಾಗದ ಇಲ್ಲದೆ ಯಾವುದೂ ಶುರುವಾಗುವುದಿಲ್ಲ. ಅದೇ ಸರಣಿಯಲ್ಲಿ ಬರೆಯುತ್ತಿದ್ದೇನೆ.

ಬದಲಾಯಿಸಲೇಬೇಕಾ? ಎಷ್ಟು ದಿನದೊಳಗೆ?

ನಮ್ಮೂರಿನ ಅಭ್ಯಾಸ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಬೆಂಗಳೂರಿನಿಂದ ಪುಣೆಗೆ ಹೋದರೆ ಡಿಎಲ್ ಬದಲಾಯಿಸಬೇಕಿಲ್ಲ, ಕರ್ನಾಟಕದ ಡಿಎಲ್ ದೇಶಕ್ಕೆಲ್ಲ ನಡೆಯುತ್ತದೆ. ತಲೆನೋವು ಇರುವುದು ಕಾರಿಗೆ: 12 ತಿಂಗಳು ದಾಟಿದರೆ ಎನ್‌ಒಸಿ ತಂದು ಹೊಸ ರಾಜ್ಯದಲ್ಲಿ ರಿಜಿಸ್ಟರ್ ಮಾಡಿಸಬೇಕು. ಕೆನಡಾದಲ್ಲಿ ಹಾಗಲ್ಲ. ಲೈಸೆನ್ಸ್ ಕೊಡುವುದು ಕೇಂದ್ರ ಸರ್ಕಾರವಲ್ಲ, ಒಂದೊಂದು ಪ್ರಾಂತ್ಯವೂ ತನ್ನದೇ ಕೊಡುತ್ತದೆ. ಒಬ್ಬರ ಹತ್ತಿರ ಒಂದೇ ಲೈಸೆನ್ಸ್ ಇರಬೇಕು, ಅದು ವಾಸ ಇರುವ ಪ್ರಾಂತ್ಯದ್ದಾಗಿರಬೇಕು. ಸುತ್ತಾಡಲು ಬಂದವರಿಗೆ ಇದು ಅನ್ವಯಿಸುವುದಿಲ್ಲ. ಮನೆ ಮಾಡಿದವರಿಗೆ ಅನ್ವಯಿಸುತ್ತದೆ.

ಆಲ್ಬರ್ಟಾದಲ್ಲಿ ಸಿಗುವ ಅವಧಿ 90 ದಿನ. ಬಂದು ನೆಲೆಸಿದ ದಿನದಿಂದ ಲೆಕ್ಕ. ಕೆಲಸಕ್ಕೆ ಸೇರಿದ ದಿನವಲ್ಲ, ಸಾಮಾನಿನ ಟ್ರಕ್ ಬಂದ ದಿನವೂ ಅಲ್ಲ. ಆ ದಿನಾಂಕವನ್ನು ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ಯಾಕೆಂದರೆ ಹೆಲ್ತ್ ಕಾರ್ಡ್ ಅರ್ಜಿಯಲ್ಲೂ ಅದೇ ದಿನಾಂಕ ಕೇಳುತ್ತಾರೆ. ಎರಡೂ ಕಡೆ ಒಂದೇ ಇರಲಿ.

ಮಗನೋ ಮಗಳೋ ಓದಲು ಮಾತ್ರ ಇಲ್ಲಿಗೆ ಬಂದಿದ್ದು, ಫುಲ್‌ಟೈಮ್ ವಿದ್ಯಾರ್ಥಿಯಾಗಿದ್ದರೆ ಊರಿನ ಪ್ರಾಂತ್ಯದ ಲೈಸೆನ್ಸ್‌ನಲ್ಲೇ ಓಡಿಸಬಹುದು. ಓದು ಮುಗಿಸಿ ಇಲ್ಲೇ ಕೆಲಸಕ್ಕೆ ನಿಂತರೆ ಆಗ ಬದಲಾಯಿಸಬೇಕು.

ಬೇರೆ ಕಡೆ ಹೋಗುವವರಿಗಾಗಿ ನಾಲ್ಕು ಮಾತು. ಬ್ರಿಟಿಷ್ ಕೊಲಂಬಿಯಾದಲ್ಲೂ 90 ದಿನ, ಐಸಿಬಿಸಿ ಅನ್ನುವ ಸಂಸ್ಥೆಯಲ್ಲಿ ಆಗುತ್ತದೆ. ಆದರೆ ಅಲ್ಲಿ ಕಾರಿಗೆ 30 ದಿನ ಮಾತ್ರ, ಹಾಗಾಗಿ ಕಾರಿನ ಕೆಲಸವೇ ಮೊದಲು ಬರುತ್ತದೆ. ಸಸ್ಕಾಚೆವಾನ್‌ನಲ್ಲಿ ಎಸ್‌ಜಿಐ ಅನ್ನುವ ಸಂಸ್ಥೆ, 90 ದಿನ. ಮ್ಯಾನಿಟೋಬಾದಲ್ಲಿ 3 ತಿಂಗಳು. ಒಂಟಾರಿಯೊಗೆ ಬರುವವರಿಗೆ 60 ದಿನವಷ್ಟೇ. ಅಲ್ಲಿ ಒಂದು ವಿಷಯ ನೆನಪಿಡಿ: ಹೊರ ಪ್ರಾಂತ್ಯದ ಲೈಸೆನ್ಸ್ ಬದಲಾಯಿಸುವುದು ಸರ್ವಿಸ್ ಒಂಟಾರಿಯೊ ಅನ್ನುವ ಸರ್ಕಾರಿ ಸೇವಾ ಕೇಂದ್ರದಲ್ಲಿ ಅಲ್ಲ, ಡ್ರೈವ್‌ಟೆಸ್ಟ್ ಸೆಂಟರಿನಲ್ಲಿ. ಇದು ಗೊತ್ತಿಲ್ಲದೆ ತಪ್ಪು ಸಾಲಿನಲ್ಲಿ ನಿಂತವರು ಬಹಳ ಜನ.

ಒಂಟಾರಿಯೊ ಬಿಡುವ ಮೊದಲೇ ಮಾಡಬೇಕಾದದ್ದು

ಈ ಭಾಗವನ್ನು ದಯವಿಟ್ಟು ಪೂರ್ತಿ ಓದಿ. ಇಲ್ಲಿ ಒಂದು ಗಂಟೆ ಕೊಟ್ಟರೆ ಅಲ್ಲಿ ಎರಡು ವಾರ ಉಳಿಯುತ್ತದೆ.

ಮೊದಲು ನಿಮ್ಮ ಡ್ರೈವರ್ಸ್ ಅಬ್‌ಸ್ಟ್ರಾಕ್ಟ್ ತೆಗೆಸಿಕೊಳ್ಳಿ. ಒಂಟಾರಿಯೊದಲ್ಲಿ ಇದಕ್ಕೆ ಡ್ರೈವರ್ ರೆಕಾರ್ಡ್ ಅನ್ನುತ್ತಾರೆ, ಆನ್‌ಲೈನಿನಲ್ಲೇ ಸಿಗುತ್ತದೆ. ನಿಮ್ಮ ಲೈಸೆನ್ಸ್ ಯಾವ ಕ್ಲಾಸ್, ಏನು ಷರತ್ತು, ದಂಡ ಇದೆಯಾ, ಸಸ್ಪೆನ್ಷನ್ ಆಗಿತ್ತಾ, ಎಲ್ಲ ಅದರಲ್ಲಿ ಇರುತ್ತದೆ. ಇದು ಯಾಕೆ ಬೇಕು? ಜಿ ಕಾರ್ಡ್ ನೋಡಿದರೆ ನೀವು ಎಷ್ಟು ವರ್ಷದಿಂದ ಓಡಿಸುತ್ತಿದ್ದೀರಿ ಅಂತ ಗೊತ್ತಾಗುವುದಿಲ್ಲ. ಕಾರ್ಡಿನ ಮೇಲಿರುವುದು ಆ ಕಾರ್ಡ್ ಕೊಟ್ಟ ದಿನಾಂಕ. ಕಳೆದ ವರ್ಷ ರಿನ್ಯೂ ಮಾಡಿಸಿದ್ದರೆ ಹತ್ತು ವರ್ಷದ ಅನುಭವವೂ ಒಂದು ವರ್ಷದ ಹಾಗೆ ಕಾಣುತ್ತದೆ. ಆಲ್ಬರ್ಟಾದಲ್ಲಿ ಎರಡು ವರ್ಷಕ್ಕಿಂತ ಕಡಿಮೆ ಅನುಭವ ಇದ್ದವರನ್ನು ಹೊಸ ಚಾಲಕರ ಸಾಲಿಗೆ, ಅಂದರೆ ಜಿಡಿಎಲ್‌ಗೆ ಹಾಕುತ್ತಾರೆ. ಹಾಗಾಗಿ ಅನುಭವ ತೋರಿಸುವ ಕಾಗದ ಕೈಯಲ್ಲಿರಲಿ.

ಎರಡನೆಯದು, ಈಗಿನ ಇನ್ಶೂರೆನ್ಸ್ ಕಂಪನಿಯಿಂದ ಲೆಟರ್ ಆಫ್ ಎಕ್ಸ್‌ಪೀರಿಯನ್ಸ್. ಎಷ್ಟು ವರ್ಷ ಅವರ ಹತ್ತಿರ ಪಾಲಿಸಿ ಇತ್ತು, ಎಷ್ಟು ಕ್ಲೇಮ್ ಆಗಿದೆ, ಕಂತು ಕಟ್ಟದೆ ರದ್ದಾಗಿತ್ತಾ ಅಂತ ಅದರಲ್ಲಿ ಬರೆದು ಕೊಡುತ್ತಾರೆ. ಗಂಡ ಹೆಂಡತಿ ಇಬ್ಬರೂ ಓಡಿಸುತ್ತಿದ್ದರೆ ಇಬ್ಬರ ಹೆಸರಲ್ಲೂ ಬೇರೆ ಬೇರೆ ಕೇಳಿ. ಪಾಲಿಸಿ ಒಬ್ಬರ ಹೆಸರಲ್ಲಿ ಇದ್ದು, ಇನ್ನೊಬ್ಬರು ಅದರಲ್ಲಿ ಡ್ರೈವರ್ ಅಂತ ಮಾತ್ರ ಸೇರಿದ್ದರೆ ಅವರ ವರ್ಷಗಳು ಲೆಕ್ಕಕ್ಕೆ ಬಾರದೆ ಹೋಗಬಹುದು. ನಮ್ಮ ಮನೆಗಳಲ್ಲಿ ಇದು ಬಹುಪಾಲು ಹೆಂಗಸರಿಗೇ ಆಗುತ್ತದೆ. ಹೊಸ ಕಂತು ನೋಡಿದಾಗಲೇ ಇದರ ಬೆಲೆ ಗೊತ್ತಾಗುವುದು.

ಕಟ್ಟದೆ ಬಿಟ್ಟ ಟ್ರಾಫಿಕ್ ದಂಡ ಇದ್ದರೆ ಕಟ್ಟಿ ಬಿಡಿ. ಪ್ರಾಂತ್ಯ ಬದಲಾದರೆ ಹಳೆಯದು ಅಲ್ಲೇ ಉಳಿಯುತ್ತದೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಪ್ರಾಂತ್ಯಗಳು ಚಾಲಕರ ದಾಖಲೆಯನ್ನು ಕಂಪ್ಯೂಟರಿನಲ್ಲೇ ಪರಸ್ಪರ ನೋಡುತ್ತವೆ. ಒಂಟಾರಿಯೊದಲ್ಲಿ ಸಸ್ಪೆಂಡ್ ಆಗಿದ್ದರೆ ಕ್ಯಾಲ್ಗರಿಯ ಕೌಂಟರಿನಲ್ಲಿ ಅದು ಕಾಣುತ್ತದೆ. ಲೈಸೆನ್ಸ್ ಅವಧಿ ಮುಗಿಯಲು ಬಂದಿದ್ದರೂ ಎಚ್ಚರ. ಅವಧಿ ಇರುವ ಲೈಸೆನ್ಸ್ ತಂದರೆ ಮಾತ್ರ ಈ ಕೆಲಸ ಸುಲಭ.

ಇನ್ನು ಹೆಸರು. ಇದು ನಮ್ಮವರಿಗೇ ಬರುವ ಸಮಸ್ಯೆ. ಊರಿನ ಹೆಸರು, ತಂದೆಯ ಹೆಸರು, ಆಮೇಲೆ ನಮ್ಮ ಹೆಸರು. ಇನಿಷಿಯಲ್ ಬಿಡಿಸಿ ಬರೆದಾಗ ಒಂದು ದಾಖಲೆಯಲ್ಲಿ ಊರು ಸರ್‌ನೇಮ್ ಆಗಿರುತ್ತದೆ, ಇನ್ನೊಂದರಲ್ಲಿ ಅಪ್ಪನ ಹೆಸರು. ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾನೆಯೇ ಖಾಲಿ. ಪಾಸ್‌ಪೋರ್ಟ್, ಪಿಆರ್ ಕಾರ್ಡ್ ಅಥವಾ ವರ್ಕ್ ಪರ್ಮಿಟ್, ಒಂಟಾರಿಯೊ ಲೈಸೆನ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್, ಈ ನಾಲ್ಕನ್ನೂ ಟೇಬಲ್ ಮೇಲೆ ಸಾಲಾಗಿ ಇಟ್ಟು ಒಂದೊಂದು ಅಕ್ಷರ ಹೋಲಿಸಿ ನೋಡಿ. ಒಂದರಲ್ಲಿ ಪದಗಳ ನಡುವೆ ಜಾಗ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಗುರುತು ಹಾಕಿಕೊಳ್ಳಿ. ಬ್ಯಾಂಕಿನವರಿಗೆ ಹೇಳಿ ಸರಿ ಮಾಡಿಸುವುದು ಎಲ್ಲಕ್ಕಿಂತ ಸುಲಭ, ಮೊದಲು ಅದನ್ನು ಮಾಡಿಸಿ.

ಜಿ2 ಇದ್ದರೆ ಕಾಯಬೇಕಾ?

ನನ್ನನ್ನು ಜಾಸ್ತಿ ಜನ ಕೇಳುವ ಪ್ರಶ್ನೆ ಇದು. ಲೆಕ್ಕ ಹೀಗಿದೆ: ಒಂಟಾರಿಯೊದ ಜಿ ಇಲ್ಲಿ ಕ್ಲಾಸ್ 5. ಜಿ2, ಅಂದರೆ ಮೊದಲ ರೋಡ್ ಟೆಸ್ಟ್ ಮಾತ್ರ ಮುಗಿಸಿದವರ ಲೈಸೆನ್ಸ್, ಇಲ್ಲಿ ಕ್ಲಾಸ್ 5 ಜಿಡಿಎಲ್. ಜಿ1 ಇಲ್ಲಿ ಕ್ಲಾಸ್ 7, ಅಂದರೆ ಎಲ್‌ಎಲ್‌ಆರ್ ಇದ್ದ ಹಾಗೆ. ಮೋಟಾರ್‌ಸೈಕಲ್ಲಿನ ಎಂ ಲೈಸೆನ್ಸ್ ಇಲ್ಲಿ ಕ್ಲಾಸ್ 6. ಟ್ರಕ್ಕಿನ ಎಝಡ್ ಇದ್ದವರದು ಕ್ಲಾಸ್ 1, ಅವರಿಗೆ ಮೆಡಿಕಲ್ ಕಾಗದದ ಕೆಲಸವೂ ಇರುತ್ತದೆ.

ಒಂಟಾರಿಯೊದಲ್ಲಿ ಜಿ2ನಿಂದ ಜಿಗೆ ಹೋಗಲು ಹೈವೇ ಮೇಲಿನ ಎರಡನೇ ರೋಡ್ ಟೆಸ್ಟ್ ಇದೆ. ಆಲ್ಬರ್ಟಾದಲ್ಲೂ ಮೊದಲು ಅಂಥದ್ದೇ ಒಂದು ಇತ್ತು, 2023ರ ಏಪ್ರಿಲ್‌ನಲ್ಲಿ ತೆಗೆದುಹಾಕಿದರು. ಈಗ ಜಿಡಿಎಲ್‌ನಲ್ಲಿ 24 ತಿಂಗಳು ಇದ್ದು, ಕೊನೆಯ 12 ತಿಂಗಳಲ್ಲಿ ಸಸ್ಪೆನ್ಷನ್ ಇಲ್ಲದಿದ್ದರೆ ಎರಡನೇ ಟೆಸ್ಟ್ ಇಲ್ಲದೆಯೇ ಪೂರ್ತಿ ಕ್ಲಾಸ್ 5 ಆಗುತ್ತದೆ. ಹಾಗಂತ ಜಿಡಿಎಲ್ ಹಗುರವಲ್ಲ. ಒಂದು ತೊಟ್ಟೂ ಮದ್ಯ ಕುಡಿದಿರಬಾರದು. ಪೂರ್ತಿ ಲೈಸೆನ್ಸ್ ಇದ್ದವರಿಗೆ 15 ಡಿಮೆರಿಟ್ ಪಾಯಿಂಟ್‌ಗೆ (ಟ್ರಾಫಿಕ್ ತಪ್ಪಿಗೆ ಬೀಳುವ ಅಂಕ) ಸಸ್ಪೆನ್ಷನ್ ಆದರೆ ಜಿಡಿಎಲ್‌ನವರಿಗೆ 8ಕ್ಕೇ ಆಗುತ್ತದೆ.

ನನ್ನ ಅಭಿಪ್ರಾಯ ಹೇಳುತ್ತೇನೆ. ಜಿ ಟೆಸ್ಟ್ ತಾರೀಕು ಕೈಯಲ್ಲಿದ್ದು, ಹೊರಡುವ ಮೊದಲೇ ಇದ್ದರೆ ಕೊಟ್ಟು ಮುಗಿಸಿ ಬನ್ನಿ. ಟೆಸ್ಟಿಗಾಗಿಯೇ ಪ್ರಯಾಣ ಮುಂದೂಡುವುದು ಬೇಡ.

ಜಿ1 ಮಾತ್ರ ಇದ್ದವರು, ಅಥವಾ ಇನ್ನೂ ಭಾರತದ ಡಿಎಲ್‌ನಲ್ಲೇ ಇರುವವರು ಒಂದು ಮಾತು ತಿಳಿದಿರಬೇಕು. ಭಾರತದ ಡಿಎಲ್ ಇಲ್ಲಿ ನೇರವಾಗಿ ಬದಲಾಗುವುದಿಲ್ಲ. ಲಿಖಿತ ಪರೀಕ್ಷೆಯಲ್ಲಿ 30 ಪ್ರಶ್ನೆಗೆ 25 ಸರಿ ಮಾಡಬೇಕು, ಆಮೇಲೆ ರೋಡ್ ಟೆಸ್ಟ್. ಊರಲ್ಲಿ ವರ್ಷಗಟ್ಟಲೆ ಓಡಿಸಿದವರು ಆರ್‌ಟಿಒದಿಂದ ಡಿಎಲ್ ಎಕ್ಸ್‌ಟ್ರಾಕ್ಟ್ (ಡಿಎಲ್ ದಾಖಲೆಯ ಪ್ರತಿ) ತರಿಸಿಕೊಂಡರೆ ಆ ಅನುಭವ ತೋರಿಸಲು ಅನುಕೂಲ. ಊರಿಗೆ ಹೋದಾಗ ಮಾಡಿಸಿಕೊಂಡು ಬನ್ನಿ, ಇಲ್ಲಿಂದ ಫೋನಿನಲ್ಲಿ ಓಡಾಡಿಸುವುದು ಕಷ್ಟ.

ಬಂದ ಮೊದಲ ವಾರ: ವಿಳಾಸ

ನಾನು ಎಡವಿದ ಜಾಗ ಇದು. ಬಾಡಿಗೆ ಕರಾರಿನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಹಾಕಿಸಿ. ಸಹಿ ಮಾಡುವಾಗ ಮನೆ ಮಾಲೀಕರಿಗೆ ಒಂದು ಮಾತು ಹೇಳಿದರೆ ಸಾಕು. ಅದು ಆಗದಿದ್ದರೆ ಬ್ಯಾಂಕಿನ ಆ್ಯಪ್‌ನಲ್ಲಿ ಮೊದಲ ದಿನವೇ ವಿಳಾಸ ಬದಲಾಯಿಸಿ. ಮುಂದಿನ ಸ್ಟೇಟ್‌ಮೆಂಟ್ ಹೊಸ ವಿಳಾಸದಲ್ಲಿ ಬರುತ್ತದೆ. ನನಗೆ ಕೊನೆಗೆ ಉಪಯೋಗಕ್ಕೆ ಬಂದದ್ದು ಅದೇ, ಕ್ರೆಡಿಟ್ ಕಾರ್ಡಿನ ಒಂದು ಹಾಳೆ. ಇಂಟರ್‌ನೆಟ್ ಅಥವಾ ಗ್ಯಾಸ್ ಬಿಲ್, ಸಂಬಳದ ಚೀಟಿ ಕೂಡ ನಡೆಯುತ್ತವೆ. ನಂಟರ ಮನೆಯಲ್ಲಿ ಇಳಿದುಕೊಂಡವರಿಗೂ ಬ್ಯಾಂಕ್ ಸ್ಟೇಟ್‌ಮೆಂಟೇ ಸುಲಭದ ದಾರಿ.

ಒಂದಲ್ಲ, ಎರಡು ಕಾಗದ ಒಯ್ಯಿರಿ. ಇತ್ತೀಚಿನದಾಗಿರಲಿ. ಫ್ಲ್ಯಾಟ್ ನಂಬರ್ ಬಿಟ್ಟುಹೋಗಿದೆಯಾ ನೋಡಿ. ಹೊಸ ಕಾರ್ಡ್ ಅಂಚೆಯಲ್ಲಿ ಬರುತ್ತದೆ, ನಂಬರ್ ಇಲ್ಲದಿದ್ದರೆ ಅದು ಎಲ್ಲೋ ಅಲೆಯುತ್ತದೆ.

ಅದೇ ವಾರ ಹೆಲ್ತ್ ಕಾರ್ಡಿಗೂ ಅರ್ಜಿ ಹಾಕಿ. ಬೇರೆ ಪ್ರಾಂತ್ಯದಿಂದ ಬಂದವರಿಗೆ ಆಲ್ಬರ್ಟಾದ ಆರೋಗ್ಯ ವಿಮೆ ಶುರುವಾಗುವುದು ಬಂದ ತಿಂಗಳು ಬಿಟ್ಟು ಮೂರನೇ ತಿಂಗಳ 1ನೇ ತಾರೀಕಿಗೆ. ಮೇ 10ಕ್ಕೆ ಬಂದರೆ ಆಗಸ್ಟ್ 1. ಅಲ್ಲಿಯವರೆಗೆ ಒಂಟಾರಿಯೊದ ಕಾರ್ಡ್ ಬಿಸಾಡಬೇಡಿ. ಈ ಅರ್ಜಿಯನ್ನೂ ಲೈಸೆನ್ಸ್ ಕೆಲಸ ಮಾಡಿಕೊಡುವ ಹಲವು ರಿಜಿಸ್ಟ್ರಿಗಳಲ್ಲೇ ತೆಗೆದುಕೊಳ್ಳುತ್ತಾರೆ, ಒಂದೇ ಓಡಾಟದಲ್ಲಿ ಎರಡೂ ಮುಗಿಯುತ್ತವೆ.

ರಿಜಿಸ್ಟ್ರಿಯ ಕೌಂಟರಿನಲ್ಲಿ

ಆಲ್ಬರ್ಟಾದಲ್ಲಿ ಲೈಸೆನ್ಸ್ ಕೆಲಸಕ್ಕೆ ಸರ್ಕಾರಿ ಕಚೇರಿ ಹುಡುಕಬೇಡಿ. 1993ರಿಂದ ಈ ಕೆಲಸ ಖಾಸಗಿ ಏಜೆಂಟರ ಕೈಯಲ್ಲಿದೆ. ಎಲ್ಲರೂ ಸುಮ್ನೆ ‘ರಿಜಿಸ್ಟ್ರಿ’ ಅನ್ನುತ್ತಾರೆ. ಪಿಜ್ಜಾ ಅಂಗಡಿ, ಡೆಂಟಿಸ್ಟ್ ಪಕ್ಕದಲ್ಲಿ ಒಂದು ಸಣ್ಣ ಅಂಗಡಿಯ ಹಾಗೆ ಇರುತ್ತದೆ. ಸರ್ಕಾರಿ ಶುಲ್ಕದ ಮೇಲೆ ಅವರ ಸೇವಾ ಶುಲ್ಕವೂ ಸೇರುತ್ತದೆ. ಯಾವ ರಿಜಿಸ್ಟ್ರಿಗೆ ಬೇಕಾದರೂ ಹೋಗಬಹುದು, ನಿಮ್ಮ ಏರಿಯಾದ್ದೇ ಆಗಬೇಕಿಲ್ಲ. ತಿಂಗಳ ಕೊನೆಯ ದಿನಗಳಲ್ಲಿ ಮಾತ್ರ ಹೋಗಬೇಡಿ. ವಾಹನ ರಿಜಿಸ್ಟ್ರೇಷನ್ ರಿನ್ಯೂ ಮಾಡಿಸುವವರ ಗದ್ದಲ ಆಗ ಜಾಸ್ತಿ.

ಒಯ್ಯಬೇಕಾದದ್ದು: ಒಂಟಾರಿಯೊ ಲೈಸೆನ್ಸ್, ಪಾಸ್‌ಪೋರ್ಟ್, ಕೆನಡಾದಲ್ಲಿ ಇರಲು ಹಕ್ಕಿದೆ ಅಂತ ತೋರಿಸುವ ದಾಖಲೆ (ಪಿಆರ್ ಕಾರ್ಡ್, ವರ್ಕ್ ಪರ್ಮಿಟ್, ಪೌರತ್ವದ ಕಾಗದ, ಯಾವುದಿದೆಯೋ ಅದು), ವಿಳಾಸದ ಎರಡು ಕಾಗದ, ಅಬ್‌ಸ್ಟ್ರಾಕ್ಟ್. ಎಲ್ಲ ಮೂಲ ಪ್ರತಿಗಳೇ ಇರಲಿ. ಕನ್ನಡಕ ಹಾಕುವವರು ಕನ್ನಡಕ ಮರೆಯಬೇಡಿ, ಅಲ್ಲೇ ಕಣ್ಣು ಪರೀಕ್ಷೆ ಮಾಡುತ್ತಾರೆ.

ನನ್ನ ಸರದಿ ಬಂದಾಗ ಆ ಹುಡುಗಿ ಮೊದಲು ಪಾಸ್‌ಪೋರ್ಟ್ ತೆರೆದಳು. ಆಮೇಲೆ ಒಂಟಾರಿಯೊ ಕಾರ್ಡನ್ನು ಅದರ ಪಕ್ಕಕ್ಕೆ ಇಟ್ಟು ಹೆಸರಿನ ಮೇಲೆ ಪೆನ್ನಿನ ತುದಿ ಹಿಡಿದು ಎರಡನ್ನೂ ಓದಿದಳು. ಕಂಪ್ಯೂಟರಿನಲ್ಲಿ ಒಂಟಾರಿಯೊದ ದಾಖಲೆ ನೋಡಿದಳು. ಒಂದು ಯಂತ್ರಕ್ಕೆ ಹಣೆ ಒತ್ತಿ ಅಕ್ಷರ ಓದಿದೆ. ಫೋಟೊ ತೆಗೆದರು, ಸಹಿ ಹಾಕಿದೆ, ದುಡ್ಡು ಕಟ್ಟಿದೆ. ಕೊನೆಗೆ ಆಕೆ ನನ್ನ ಒಂಟಾರಿಯೊ ಕಾರ್ಡ್ ಎತ್ತಿ ತನ್ನ ಕಡೆಯ ಡ್ರಾಯರಿಗೆ ಹಾಕಿದಳು. ನಾಲ್ಕನೇ ಟೆಸ್ಟಿಗೆ ಸಿಕ್ಕ ಕಾರ್ಡ್ ಅದು, ಮನಸ್ಸಿಗೆ ಒಂಥರಾ ಆಯಿತು. ಹಳೆಯದನ್ನು ಒಪ್ಪಿಸದೆ ಹೊಸದು ಕೊಡುವುದಿಲ್ಲ. ಹಾಗಾಗಿ ಹೋಗುವ ಮೊದಲೇ ಅದರ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಒಂಟಾರಿಯೊದ ದಾಖಲೆ ಬೇಕಾದರೆ ಆ ನಂಬರ್ ಕೇಳುತ್ತಾರೆ.

ಕೌಂಟರ್ ಬಿಡುವ ಮೊದಲು ಅವರು ತೋರಿಸುವ ವಿವರದಲ್ಲಿ ಮೂರು ವಿಷಯ ನೋಡಿ: ಹೆಸರು, ವಿಳಾಸ, ಕ್ಲಾಸ್. ಜಿ ಕೊಟ್ಟು ಜಿಡಿಎಲ್ ಅಂತ ಬಂದಿದ್ದರೆ ಅಲ್ಲೇ ಅಬ್‌ಸ್ಟ್ರಾಕ್ಟ್ ತೆಗೆದು ತೋರಿಸಿ ಮಾತಾಡಿ. ಸಂಕೋಚ ಬೇಡ. ಮನೆಗೆ ಹೋಗಿ ನೋಡಿಕೊಂಡರಾಯಿತು ಅಂದರೆ ಮತ್ತೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಕಾರ್ಡ್ ಬರುವವರೆಗಿನ ದಿನಗಳು

ಆ ದಿನ ಕೈಗೆ ಸಿಗುವುದು ಕಾಗದದ ತಾತ್ಕಾಲಿಕ ಲೈಸೆನ್ಸ್. ಓಡಿಸಲು ಅದು ಸಾಕು. ಆದರೆ ಅದರಲ್ಲಿ ಫೋಟೊ ಇಲ್ಲ, ಗುರುತಿನ ಚೀಟಿ ಅಂತ ನಡೆಯುವುದಿಲ್ಲ. ಆ ವಾರಗಳಲ್ಲಿ ಟೊರೊಂಟೊಗೆ ವಿಮಾನ ಹತ್ತುವುದಿದ್ದರೆ ಪಾಸ್‌ಪೋರ್ಟ್ ಅಥವಾ ಪಿಆರ್ ಕಾರ್ಡ್ ಜೊತೆಗಿರಲಿ. ಕಾರು ಬಾಡಿಗೆಗೆ ಕೊಡುವವರು ಕಾಗದದ ಲೈಸೆನ್ಸ್ ಒಪ್ಪದಿರಬಹುದು, ಮೊದಲೇ ಫೋನ್ ಮಾಡಿ ಕೇಳಿ. ಅಂಚೆ ಪೆಟ್ಟಿಗೆಯ ಬೀಗದ ಕೈ ಮನೆ ಮಾಲೀಕರಿಂದ ತೆಗೆದುಕೊಂಡಿದ್ದೀರಾ? ಇಲ್ಲಿ ಬಹಳ ಕಡೆ ಬೀದಿಗೊಂದು ಸಾಮೂಹಿಕ ಪೆಟ್ಟಿಗೆ ಇರುತ್ತದೆ. ಕೈ ಇಲ್ಲದಿದ್ದರೆ ಕಾರ್ಡ್ ಬಂದರೂ ಸಿಗುವುದಿಲ್ಲ.

ಕಾರು ಜೊತೆಗೆ ಬಂದಿದ್ದರೆ

ಟೊರೊಂಟೊದಿಂದ ಕ್ಯಾಲ್ಗರಿಗೆ ರಸ್ತೆಯಲ್ಲಿ ಸುಮಾರು 3,400 ಕಿಲೋಮೀಟರ್. ಥಂಡರ್ ಬೇ, ವಿನಿಪೆಗ್, ರಿಜೈನಾ ದಾಟಿ ಬರುವ ದಾರಿ. ಹೊರಡುವ ಮೊದಲು ಒಂಟಾರಿಯೊ ಇನ್ಶೂರೆನ್ಸ್‌ನವರಿಗೆ ಮನೆ ಬದಲಾಯಿಸುವ ವಿಷಯ ಹೇಳಿ. ಹೇಳದೆ ತಿಂಗಳುಗಟ್ಟಲೆ ಹಳೆಯ ವಿಳಾಸದ ಪಾಲಿಸಿಯಲ್ಲಿ ಇಲ್ಲಿ ಓಡಿಸಿದರೆ, ಅಪಘಾತವಾದ ದಿನ ಕ್ಲೇಮ್ ಬಗ್ಗೆ ತಕರಾರು ಬರಬಹುದು.

ಆಲ್ಬರ್ಟಾದ ಲೈಸೆನ್ಸ್ ಆದ ಕೂಡಲೇ ಇಲ್ಲಿನ ಪಾಲಿಸಿ ತೆಗೆದುಕೊಳ್ಳಿ. ಇಲ್ಲೂ ಒಂಟಾರಿಯೊದ ಹಾಗೆ ಖಾಸಗಿ ಕಂಪನಿಗಳೇ. ಕಾನೂನು ಕೇಳುವ ಕನಿಷ್ಠ ಥರ್ಡ್ ಪಾರ್ಟಿ ರಕ್ಷಣೆ 2 ಲಕ್ಷ ಡಾಲರ್. ಅದು ಸಾಲದು, 10 ಲಕ್ಷಕ್ಕಿಂತ ಕಡಿಮೆ ಮಾಡಬೇಡಿ ಅಂತ ನಾನು ಹೇಳುತ್ತೇನೆ. ನಾಲ್ಕು ಕಡೆ ದರ ಕೇಳಿ, ಲೆಟರ್ ಆಫ್ ಎಕ್ಸ್‌ಪೀರಿಯನ್ಸ್ ಮೊದಲೇ ಮುಂದಿಡಿ.

ಆಮೇಲೆ ಇನ್ಸ್‌ಪೆಕ್ಷನ್. ಹೊರ ಪ್ರಾಂತ್ಯದ ಕಾರನ್ನು ಇಲ್ಲಿ ರಿಜಿಸ್ಟರ್ ಮಾಡಿಸುವ ಮೊದಲು ಲೈಸೆನ್ಸ್ ಇರುವ ಗ್ಯಾರೇಜಿನಲ್ಲಿ ತಪಾಸಣೆ ಆಗಬೇಕು. ಅದಕ್ಕೆ ಮೊದಲು ರಿಜಿಸ್ಟ್ರಿಯಿಂದ ತಪಾಸಣೆಯ ಫಾರಂ ತೆಗೆದುಕೊಂಡು ಹೋಗಬೇಕು. ಬ್ರೇಕ್, ಟೈರ್, ಲೈಟ್, ಗಾಜು, ಸಸ್ಪೆನ್ಷನ್, ಅಡಿಯ ತುಕ್ಕು ಎಲ್ಲ ನೋಡುತ್ತಾರೆ. ಒಂಟಾರಿಯೊದ ರಸ್ತೆಗಳಿಗೆ ಚಳಿಗಾಲದಲ್ಲಿ ಸುರಿಯುವ ಉಪ್ಪಿನಿಂದ ಅಲ್ಲಿನ ಕಾರುಗಳಿಗೆ ತುಕ್ಕು ಬೇಗ ಹಿಡಿಯುತ್ತದೆ. ಹೊರಡುವ ಮೊದಲು ನಂಬುವ ಮೆಕ್ಯಾನಿಕ್ ಹತ್ತಿರ ಕಾರಿನ ಅಡಿ ತೋರಿಸಿ. ರಿಪೇರಿಯ ಮೊತ್ತ ಕಾರಿನ ಬೆಲೆಯ ಹತ್ತಿರ ಬರುವ ಹಾಗಿದ್ದರೆ ಅಲ್ಲೇ ಮಾರಿ ಬರುವುದು ಒಳ್ಳೆಯದು. ಪಾಸಾದ ಸರ್ಟಿಫಿಕೇಟ್ 14 ದಿನ ಮಾತ್ರ ನಡೆಯುತ್ತದೆ. ಹಾಗಾಗಿ ಇನ್ಶೂರೆನ್ಸ್ ತಯಾರಾದ ಮೇಲೆಯೇ ಗ್ಯಾರೇಜಿಗೆ ಹೋಗಿ, ಮೊದಲೇ ಮಾಡಿಸಿ ಅವಧಿ ಕಳೆಯಬೇಡಿ.

ಕೊನೆಗೆ ರಿಜಿಸ್ಟ್ರಿಗೆ ಮತ್ತೊಮ್ಮೆ: ಒಂಟಾರಿಯೊದ ವೆಹಿಕಲ್ ಪರ್ಮಿಟ್ (ನಮ್ಮೂರಿನ ಆರ್‌ಸಿ ಇದ್ದ ಹಾಗೆ), ತಪಾಸಣೆಯ ಸರ್ಟಿಫಿಕೇಟ್, ಇಲ್ಲಿನ ಇನ್ಶೂರೆನ್ಸ್ ಇದೆ ಅಂತ ತೋರಿಸುವ ಪಿಂಕ್ ಕಾರ್ಡ್, ನಿಮ್ಮ ಹೊಸ ಲೈಸೆನ್ಸ್. ಲೀಸ್ ಕಾರಾಗಿದ್ದರೆ ಕಂಪನಿಯಿಂದ ಅನುಮತಿ ಪತ್ರ ಬೇಕು, ಅದು ಬರಲು ದಿನ ಹಿಡಿಯುತ್ತದೆ, ಒಂದು ತಿಂಗಳ ಮೊದಲೇ ಕೇಳಿಡಿ. ಕಾರಿನ ಹೆಸರೂ ಲೈಸೆನ್ಸಿನ ಹೆಸರೂ ಒಂದೇ ಇರಲಿ.

ಆಲ್ಬರ್ಟಾದಲ್ಲಿ ಪ್ಲೇಟ್ ಹಿಂದೆ ಒಂದೇ. ಒಂಟಾರಿಯೊದಿಂದ ಬಂದ ಕಾರುಗಳನ್ನು ನಾನು ಪಾರ್ಕಿಂಗ್‌ನಲ್ಲಿ ದೂರದಿಂದಲೇ ಗುರುತಿಸುತ್ತೇನೆ. ಮುಂದಿನ ಬಂಪರ್ ಮೇಲೆ ಖಾಲಿ ಪ್ಲೇಟಿನ ಚೌಕಟ್ಟು ಹಾಗೇ ಇರುತ್ತದೆ. ಪಕ್ಕದಲ್ಲಿ ನಿಂತ ಇಲ್ಲಿನ ಕಾರಿನ ಮೂತಿಯಿಂದ ಒಂದು ಕರೆಂಟ್ ಪ್ಲಗ್ ಜೋತಾಡುತ್ತಿರುತ್ತದೆ. ಅದು ಬ್ಲಾಕ್ ಹೀಟರಿನದು. ಮೈನಸ್ 30ರ ಬೆಳಿಗ್ಗೆ ಎಂಜಿನ್ ಏಳಬೇಕಲ್ವಾ. ನಿಮ್ಮ ಕಾರಿನಲ್ಲಿ ಅದು ಇಲ್ಲದಿದ್ದರೆ ಇನ್ಸ್‌ಪೆಕ್ಷನ್‌ಗೆ ಹೋದ ದಿನವೇ ಗ್ಯಾರೇಜಿನವರ ಹತ್ತಿರ ಹಾಕಿಸುವ ಬಗ್ಗೆ ಕೇಳಿ.

ಸ್ಟೀರಿಂಗ್ ಹಿಡಿಯುವ ಮೊದಲು ಇಲ್ಲಿನ ಒಂದು ನಿಯಮ ಮನಸ್ಸಲ್ಲಿಡಿ. ಕ್ಯಾಲ್ಗರಿಯಲ್ಲಿ ಪ್ಲೇಗ್ರೌಂಡ್ ಝೋನ್ ಅಂದರೆ ಬೆಳಿಗ್ಗೆ 7:30ರಿಂದ ರಾತ್ರಿ 9ರವರೆಗೆ 30 ಕಿಲೋಮೀಟರ್ ವೇಗ. ಶಾಲೆಗೆ ರಜಾ ಇದ್ದರೂ, ಭಾನುವಾರವಾದರೂ ಅಷ್ಟೇ.

ಹೊಸ ಪ್ಲೇಟ್ ಕೂತ ಮೇಲೆ ಒಂಟಾರಿಯೊದ ಪಾಲಿಸಿ ರದ್ದು ಮಾಡಿಸಿ. ಮೊದಲು ರದ್ದು ಮಾಡಿ ಆಮೇಲೆ ಹೊಸದು ಹುಡುಕಬೇಡಿ, ನಡುವೆ ಒಂದು ದಿನವೂ ಖಾಲಿ ಬೀಳಬಾರದು. ಒಂಟಾರಿಯೊದ 407 ಟೋಲ್ ಹೈವೇಯ ಟ್ರಾನ್ಸ್‌ಪಾಂಡರ್ (ನಮ್ಮೂರಿನ ಫಾಸ್ಟ್ಯಾಗ್ ಇದ್ದ ಹಾಗೆ) ಇನ್ನೂ ಕನ್ನಡಿಯ ಹಿಂದೆ ಅಂಟಿಕೊಂಡಿದ್ದರೆ ಬಿಚ್ಚಿ, ಬಾಕಿ ಕಟ್ಟಿ, ಆ ಖಾತೆಯನ್ನೂ ಮುಚ್ಚಿ.